ಸೀಮೆಸುಣ್ಣದ ಗುರುತು

ಸೇಡಂ ರಸ್ತೆಯ ಆ ಆಸ್ಪತ್ರೆಯ ಗೇಟಿಗೆ ಒತ್ತಿಕೊಂಡು ಮೊಟ್ಟೆ ಬೇಯಿಸುವ ಗಾಡಿಯೊಂದು ನಿಂತಿತ್ತು. ಆಟೋ ಇಳಿದ ಕಾವೇರಿ ಒಳಗೆ ಹೋಗುವ ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದಳು. ಔಷಧಿ ಅಂಗಡಿಯ ಮೇಲೆ ಕಟ್ಟಿದ್ದ ಬ್ಯಾನರಿನ ಹರಿದ ತುದಿ ಪೂರ್ವದ ಕಡೆ ಬಡಿದುಕೊಳ್ಳುತ್ತಿತ್ತು. ಅಂದರೆ ತಾನು ಗಾಡಿಯ ಪಶ್ಚಿಮಕ್ಕೆ ನಿಲ್ಲಬೇಕು. ನಿಂತಳು. ನಿಂತ ಮೇಲೆ ತನ್ನ ಬಗ್ಗೆ ತನಗೇ ನಗು ಬರಬೇಕಾಗಿತ್ತು, ಬರಲಿಲ್ಲ. ಗಾಡಿಯವನು ಗಿರಾಕಿ ಎಂದುಕೊಂಡು ಒಂದು ಮೊಟ್ಟೆ ಸುಲಿಯತೊಡಗಿದ. ಬೇಡ ಎನ್ನಲು ಕೈ ಎತ್ತಿದಾಗ ಚೀಲ ತೂಗಿ, ಒಳಗಿನ ಕೆಂಪು ಬಾಳೆಹಣ್ಣಿನ ವಾಸನೆ ಮೂಗಿಗೆ ಬಂತು. ಅದೊಂದು ಸಮಾಧಾನ. ಮೂಗು ಇನ್ನೂ ಕೆಲಸ ಮಾಡುತ್ತಿದೆ. ಕಳೆದ ಕೆಲವು ವಾರಗಳಿಂದ ಅವಳು ಸಿಕ್ಕಿದ್ದನ್ನೆಲ್ಲ ಹೀಗೆ ಮೂಸಿ ನೋಡಿಕೊಳ್ಳುತ್ತಿದ್ದಳು: ಸಾಬೂನು, ಚಹಾಪುಡಿಯ ಡಬ್ಬಿ, ಅವ್ವನ ಸೆರಗು. "ಏನ ಮೂಸ್ತಿ, ನಾಯಿ ಹಂಗ?" ಎಂದು ಅವ್ವ ತುಳಜಾಬಾಯಿ ಬೈದಿದ್ದಳು.

ಹಣ್ಣನ್ನು ಶರಣಬಸವೇಶ್ವರ ಗುಡಿಯ ಹತ್ತಿರ ಕೊಂಡಿದ್ದಳು. "ಅಸಲಿ ಕಮಲಾಪುರದ್ದು ಮೇಡಂ" ಎಂದು ಮಾರುವವನು ಹೇಳಿದಾಗಲೇ ಏನೋ ತಪ್ಪುತ್ತಿದೆ ಅನ್ನಿಸಿತ್ತು. ಕಮಲಾಪುರದ ಮುದುಕಿ ಶಾರದಾಬಾಯಿಯನ್ನು ನೋಡಲು ಕಮಲಾಪುರದ ಹಣ್ಣು. ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ನಿನ್ನೆ ಸಂಜೆ ಮುದುಕಿಯ ಮಗ ಜಗದೇವಪ್ಪ ಫೋನ್ ಮಾಡಿದ್ದ. "ಮೇಡಂ, ನಮ್ಮವ್ವ ನಿಮ್ಮನ್ನ ನೋಡಬೇಕಂತ ಒಂದೇ ಹಠ ಹಿಡದಾಳ್ರಿ. ಏನೋ ಹೇಳೋದದ ಅಂತ. ನಮಗ ಹೇಳವಲ್ಲಳು." ಕಾವೇರಿಗೆ ಅದು ಏನೆಂದು ಗೊತ್ತಿತ್ತು. ಮುದುಕಿಗೆ ನೆನಪಾಗಿದೆ. ಆ ದಿನ ತನ್ನ ಮನೆಗೆ ಯಾರೂ ಬಂದಿರಲಿಲ್ಲ, ಯಾರೂ ಬಾಗಿಲು ಬಡಿದಿರಲಿಲ್ಲ ಎಂಬುದು ನೆನಪಾಗಿದೆ. ಈ ಮಾತಿಗೆ ಅವಳು ಅಂಜಿದ್ದಳು. ನಿಜ ಹೇಳಬೇಕೆಂದರೆ ಕಾದೂ ಇದ್ದಳು. ಆಟೋದಲ್ಲಿ ಕೂತು ತಾನು ಹೇಳಬೇಕಾದ ವಾಕ್ಯವನ್ನು ಕಟ್ಟಿ ಒಡೆದು ಕಟ್ಟಿದ್ದಳು. ಬಾಗಿಲು ಬಡಿಯಲು ಆಗಲಿಲ್ಲ ಎಂದರೆ ಸುಳ್ಳು. ಬಡಿಯುವುದು ಮರೆಯಿತು ಎಂದರೆ ಇನ್ನೂ ದೊಡ್ಡ ಸುಳ್ಳು. ಬಡಿಯಲಿಲ್ಲ. ಇಷ್ಟೇ ಸರಿ. ಇದನ್ನು ಆ ಮುದುಕಿ ಹೇಳುವುದಕ್ಕೆ ಮೊದಲು ತಾನೇ ಹೇಳಬೇಕು.

ಕಮಲಾಪುರದಲ್ಲಿ ಊರಿನ ಕುಡಿಯುವ ನೀರಿಗೆಂದು ಹಳ್ಳದ ದಂಡೆಯಲ್ಲಿ ಮೊದಲು ಕೊರೆದ ಬೋರಿನಿಂದ ನೀರಿಗಿಂತ ಮುಂಚೆ ಕೊಳೆತ ಮೊಟ್ಟೆಯ ವಾಸನೆ ಬಂದು, ಬೋರ್ ಗಾಡಿಯ ಇಬ್ಬರು ತಲೆ ತಿರುಗಿ ಬಿದ್ದಿದ್ದರು. ಅದನ್ನು ಸಿಮೆಂಟ್ ಹಾಕಿ ಮುಚ್ಚಿದರು. ತುಸು ಮೇಲೆ ಎರಡನೆಯದನ್ನು ಕೊರೆಯುವಾಗ ಕಂಪನಿ ಕಾವೇರಿಯನ್ನು ಸೇಫ್ಟಿ ಆಫೀಸರ್ ಎಂದು ಕಳಿಸಿತ್ತು. ಕೆಮಿಸ್ಟ್ರಿ ಎಂ.ಎಸ್ಸಿ. ಓದಿದವಳು. ಬೋರಿನ ಸುತ್ತ ವಿಷಗಾಳಿ ಅಳೆಯುವ ಮೀಟರ್ ಇಡುವುದು, ಗಾಳಿಯ ದಿಕ್ಕು ತಿಳಿಯಲು ಬಿದಿರಿಗೆ ಕೆಂಪು ಬಟ್ಟೆ ಕಟ್ಟುವುದು, ಆಳ ಮುಟ್ಟುವ ದಿನ ತಗ್ಗಿನ ಮನೆಗಳ ಜನರನ್ನು ಎಬ್ಬಿಸಿ ಏರಿನ ಮೇಲಿನ ಶಾಲೆಗೆ ಕಳಿಸುವುದು ಅವಳ ಕೆಲಸ. ಹನುಮಂತನ ಗುಡಿಯ ಕಟ್ಟೆಯ ಮುಂದೆ ಜನರನ್ನು ಕೂಡಿಸಿ ತಿಳಿಸಿ ಹೇಳಿದ್ದಳು. ಈ ಗಾಳಿ ಭಾರ, ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಬಂದು ನಿಲ್ಲುತ್ತದೆ. "ವಾಸನಿ ಬಂದ್ರ ಎದ್ದು ನಡೀರಿ. ಬಂದಿದ್ದು ಹೋತು ಅಂದ್ರ ಇನ್ನೂ ಜಲ್ದಿ ನಡೀರಿ. ಗಾಳಿ ಹೋಗಿರಂಗಿಲ್ಲ, ನಿಮ್ಮ ಮೂಗು ಹೋಗಿರ್ತದ." ಹಿಂದಿನಿಂದ ಯಾರೋ, "ಮೂಗು ಎಲ್ಲಿಗಿ ಹೋಗ್ತದ್ರಿ ಮೇಡಂ, ಬಸ್ ಹಿಡದು ಕಲಬುರಗಿಗೇನು?" ಎಂದ. ಜನ ನಕ್ಕಿತು. ಅವಳೂ ನಗಬೇಕಾಗಿತ್ತು. ಬದಲಿಗೆ ಮತ್ತೊಮ್ಮೆ, ಈ ಸಲ ಪುಸ್ತಕದ ಕನ್ನಡದಲ್ಲಿ, ಹೈಡ್ರೋಜನ್ ಸಲ್ಫೈಡ್ ಎಂದೆಲ್ಲ ಹೇಳಿದಳು. ಮಾರನೆಯ ದಿನದಿಂದ ಓಣಿಯಲ್ಲಿ ಅವಳ ಹೆಸರು ವಾಸನಿ ಮೇಡಂ ಎಂದಾಯಿತು. "ವಾಸನಿ ಮೇಡಂ ಬಂದ್ಲು, ಮೂಗು ಹಿಡ್ಕೋರೋ." ಹುಡುಗರು ಅಂದದ್ದು ಅಷ್ಟೇ. ಅವಳು ಕೇಳಿಸಿಕೊಂಡದ್ದು ಬೇರೆ. ಕೋಟನೂರಿನ ಶಾಲೆಯಲ್ಲಿ ಪಕ್ಕದ ಹುಡುಗಿ ಸರಿದು ಕೂರುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದಳು.

ಲಿಫ್ಟಿನ ಮುಂದೆ ಸಾಲಿತ್ತು. ಕಾವೇರಿ ಮೆಟ್ಟಿಲು ಹತ್ತಿದಳು. ಮೆಟ್ಟಿಲು. ಶಾರದಾಬಾಯಿಯ ಮನೆಯ ಮುಂದೆ ಶಹಾಬಾದಿ ಕಲ್ಲಿನ ಮೆಟ್ಟಿಲು ಇದ್ದವು, ನಡುವೆ ಸವೆದು ತುಸು ಬಾಗಿದ್ದವು. ಆಳ ಮುಟ್ಟುವ ಹಿಂದಿನ ದಿನ ಅವಳೂ ಬೋರಿನ ಎಂಜಿನಿಯರ್ ಮೌನೇಶನೂ ಮನೆ ಮನೆಗೆ ಹೋಗಿ ನಾಳೆ ಹೊರಡಬೇಕೆಂದು ಹೇಳುತ್ತಿದ್ದಾಗ ಆ ಮುದುಕಿಯೇ ಕರೆದು ಪಡಸಾಲೆಯಲ್ಲಿ ಕೂಡಿಸಿದ್ದಳು. ಮೌನೇಶನನ್ನು ಏನೂ ಕೇಳಲಿಲ್ಲ. ಅವಳನ್ನು ಕೇಳಿದಳು. "ಯಾವೂರ್ರಿ ನಿಮ್ಮದು?" "ಕೋಟನೂರ್ರಿ." "ಅಪ್ಪಾರ ಹೆಸರು?" "ದತ್ತಪ್ಪ." "ಕೋಟನೂರಾಗ ಯಾವ ಕಡಿ ಬರ್ತದ ಮನಿ?" ಹೇಳಿದಳು. ಆಗ ಶಾರದಾಬಾಯಿಯ ಕಣ್ಣು ಅವಳ ಮೊಬೈಲಿನ ಹಿಂದೆ ಅಂಟಿಸಿದ್ದ ಬುದ್ಧನ ಚಿತ್ರದ ಮೇಲೆ ಒಂದು ಕ್ಷಣ ನಿಂತಿತು. "ಹೌದೇನ್ರಿ" ಎಂದು ಒಳಗೆ ಹೋದಳು. ಬಂದದ್ದು ಮೌನೇಶನಿಗೆ ಪಿಂಗಾಣಿಯ ಕಪ್ಪು ಬಸಿ, ಅವಳಿಗೆ ಕಾಗದದ ಕಪ್ಪು. ಯಾವುದೋ ಮದುವೆಯಲ್ಲಿ ಉಳಿದದ್ದಿರಬೇಕು, ಮೈಮೇಲೆ ಗುಲಾಬಿ ಹೂವು. ಚಹಾ ಮಾತ್ರ ಎರಡರಲ್ಲೂ ಒಂದೇ, ಶುಂಠಿ ಹಾಕಿದ ಒಳ್ಳೆಯ ಚಹಾ. ಮೌನೇಶ ಕುಡಿದು ಕಪ್ಪನ್ನು ನೆಲದ ಮೇಲೆ ಇಟ್ಟ. ಅವಳಿಗೆ ತನ್ನದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಟ್ಟರೆ ಅದನ್ನು ಎತ್ತುವ ರೀತಿಯನ್ನು ನೋಡಬೇಕಾಗುತ್ತದೆ. ಹಿಚುಕಿ ತನ್ನ ಚೀಲದೊಳಗೇ ಹಾಕಿಕೊಂಡಳು. ಮೌನೇಶ ಬೇರೆ ಕಡೆ ನೋಡುತ್ತಿದ್ದ. ನೋಡಿದ್ದರೂ ಕಾಣುತ್ತಿರಲಿಲ್ಲ.

ಎಂಥೆಂಥದನ್ನೋ ದಾಟಿ ಬಂದವಳು ಒಂದು ಕಪ್ಪಿಗೆ ಎಡವಿದೆನೇ? ಮೆಟ್ಟಿಲಿನ ತಿರುವಿನಲ್ಲಿ ನಿಂತು ಅವಳು ಉಸಿರು ತೆಗೆದುಕೊಂಡಳು. ನಿಯಮ ಅವಳೇ ಮಾಡಿದ್ದು. ಪ್ರತಿ ಮನೆಗೂ ಒಳಗೆ ಹೋಗಬೇಕು. ಪ್ರತಿ ಕೋಣೆಯಲ್ಲೂ ನಿಂತು ಕೂಗಬೇಕು. ಹಿತ್ತಲು, ಬಚ್ಚಲು ನೋಡಬೇಕು. ಯಾರೂ ಇಲ್ಲವೆಂದು ಕಣ್ಣಾರೆ ಕಂಡ ಮೇಲೆ ಹೊರಗೆ ಬಂದು ಬಾಗಿಲಿನ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಆ ದಿನ ಬೆಳಿಗ್ಗೆ ಓಣಿಯ ಎಲ್ಲ ಮನೆಗಳಲ್ಲೂ ಹಾಗೇ ಮಾಡಿದ್ದಳು. ಬೈಸಿಕೊಂಡು, ನಗಿಸಿಕೊಂಡು, ಒಲೆಯ ಮೇಲಿನ ರೊಟ್ಟಿ ಮುಗಿಯುವ ತನಕ ನಿಂತುಕೊಂಡು. ಶಾರದಾಬಾಯಿಯ ಮನೆಯ ಮುಂದೆ ಬಂದಾಗ ಸುಣ್ಣಕ್ಕೆಂದು ಚೀಲದಲ್ಲಿ ಕೈಹಾಕಿದಳು. ಬೆರಳಿಗೆ ಸಿಕ್ಕಿದ್ದು ಹಿಂದಿನ ದಿನದ ಆ ಕಪ್ಪು. ಅದರ ತುಂಬ ಸುಣ್ಣದ ಪುಡಿ ಮೆತ್ತಿಕೊಂಡಿತ್ತು. ಬಾಗಿಲು ಮುಂದೆ ಮಾಡಿತ್ತು, ಬೀಗ ಇರಲಿಲ್ಲ. ಅವಳು ಮೆಟ್ಟಿಲ ಕೆಳಗೆ ನಿಂತು, "ಯಾರರ ಅದಾರೇನ್ರಿ?" ಎಂದಳು. ಒಮ್ಮೆ. ಸಣ್ಣ ದನಿಯಲ್ಲಿ. ಕರೆಯದೆ ಯಾರ ಮೆಟ್ಟಿಲೂ ಹತ್ತಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಕೂಲಿಯ ಮಾತು ಕೇಳಲು ಗೌಡರ ಮನೆಗಳಿಗೆ ಹೋದಾಗ ಅವ್ವ ಕೆಳಗೇ ನಿಂತು, ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಹೀಗೆಯೇ ಒಂದು ಸಲ, ಇಷ್ಟೇ ದನಿಯಲ್ಲಿ ಕೂಗುತ್ತಿದ್ದಳು. ಆಮೇಲೆ ಕಾಯುತ್ತಿದ್ದಳು. ಆ ದಿನ ತನ್ನ ಬಾಯಿಂದ ಬಂದದ್ದು ಅವ್ವನ ದನಿ. ಅದು ರೂಢಿಯೋ, ಸಿಟ್ಟೋ? ಕಾಲು ತಾನಾಗಿ ನಿಂತಿತೋ, ತಾನು ನಿಲ್ಲಿಸಿದೆನೋ? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಮ್ಮೆ ಒಂದು, ಒಮ್ಮೆ ಇನ್ನೊಂದು.

ಅಷ್ಟರಲ್ಲಿ ಪಕ್ಕದ ಮನೆಯ ಫರೀದಾ ಗಂಟು ಹೊತ್ತುಕೊಂಡು ಬಂದಳು. "ಅವ್ರು ಇಲ್ಲ ಕಾಣ್ತದ್ರಿ ಮೇಡಂ. ಸುಬೇ ಮಗಾ ಸ್ಕೂಟರ್ ಮ್ಯಾಲ ಯಾರನ್ನೋ ಕೂಡಿಸ್ಕೊಂಡು ಹೋದ. ನಡೀರಿ ನಡೀರಿ." ಆ ಮಾತು ಕಿವಿಗೆ ಬಿದ್ದಾಗ ಆದ ಹಗುರವನ್ನು ಕಾವೇರಿ ಇವತ್ತಿಗೂ ಮೈಯಲ್ಲಿ ಹಾಗೆಯೇ ಇಟ್ಟುಕೊಂಡಿದ್ದಾಳೆ. ಬಾಗಿಲು ನೂಕಬೇಕಾಗಿಲ್ಲ. ಆ ಪಡಸಾಲೆಗೆ ಮತ್ತೆ ಕಾಲಿಡಬೇಕಾಗಿಲ್ಲ. ಮೆಟ್ಟಿಲು ಹತ್ತದೆಯೇ, ಮುಂದೆ ಬಾಗಿ, ತೋಳು ಚಾಚಿ, ಚೌಕಟ್ಟಿನ ಬುಡದ ಹತ್ತಿರ ಕೈ ಮುಟ್ಟಿದಲ್ಲಿ ಗುರುತು ಎಳೆದಳು.

ಮಧ್ಯಾಹ್ನ ತಗ್ಗಿನ ಮೀಟರ್ ಕೂಗಿಕೊಂಡಿತು. ಸೈರನ್ ಹಾಕಿ, ಬೋರ್ ನಿಲ್ಲಿಸಿ, ಎಲ್ಲರೂ ಗಾಳಿಗೆ ಎದುರಾಗಿ ಏರಿಗೆ ಬಂದರು. ಎಲ್ಲ ಅವಳು ಹೇಳಿಕೊಟ್ಟ ಹಾಗೆಯೇ. ಶಾಲೆಯ ಅಂಗಳದಲ್ಲಿ ನಿಂತು ಕೆಂಪು ಬಟ್ಟೆ ಓಣಿಯ ಕಡೆಗೆ ತಿರುಗಿದ್ದನ್ನು ನೋಡುತ್ತ, ಖಾಲಿ ಮನೆಗಳ ಮೇಲೆ ಹರಿದುಹೋಗಲಿ ಬಿಡು ಎಂದುಕೊಂಡಿದ್ದಳು. ಆಗ ಜಗದೇವಪ್ಪ ಅಂಗಡಿ ಮುಚ್ಚಿ ಬಂದ. ಹೆಂಗಸರ ನಡುವೆ ಕಣ್ಣಾಡಿಸಿದ. "ನಮ್ಮವ್ವ ಎಲ್ಲಿ?" ಸ್ಕೂಟರಿನ ಮೇಲೆ ಹೋದವಳು ಅವನ ಹೆಂಡತಿ. "ಅವ್ವ ಆಗಲೇ ಬರಂಗಿಲ್ಲ ಅಂದಳು. ಪೂಜಿ ಮುಗಿಸ್ತೀನಿ, ಆ ಮೇಡಂ ಕರೀಲಿಕ್ಕ ಬರ್ತಾಳಲ್ಲ, ಆಕಿ ಕೂಡ ಬರ್ತೀನಿ ಅಂದಳು." ಆಕಿ ಕೂಡ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕವಚ ಹಾಕಿಕೊಂಡು ಅವಳೂ ಮೌನೇಶನೂ ಇಳಿದು ಓಡಿದರು. ಮೆಟ್ಟಿಲುಗಳನ್ನು ಹತ್ತಿದ್ದು ಅವಳಿಗೆ ನೆನಪಿಲ್ಲ. ಬಾಗಿಲು ಬೆರಳು ತಾಗಿದ ಕೂಡಲೇ ತೆರೆದುಕೊಂಡದ್ದು ನೆನಪಿದೆ. ಪಡಸಾಲೆಯ ಹಿಂದೆ, ಎರಡು ಮೆಟ್ಟಿಲು ತಗ್ಗಿನಲ್ಲಿದ್ದ ಪೂಜೆಯ ಕೋಣೆಯಲ್ಲಿ ಶಾರದಾಬಾಯಿ ಗೋಡೆಗೆ ಒರಗಿದ್ದಳು. ಎಡಗೈ ಇನ್ನೂ ಅಂಗೈ ಮೇಲಾಗಿ ಚಾಚಿತ್ತು. ಇಷ್ಟಲಿಂಗ ಉರುಳಿ ತೊಡೆಯ ಪಕ್ಕ ಬಿದ್ದಿತ್ತು. ಮೀಟರ್ ಕಿರುಚುತ್ತಿರುವಾಗಲೂ ಅದನ್ನು ಮುಟ್ಟಬಹುದೋ ಬೇಡವೋ ಎಂದು ತನ್ನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎತ್ತಿ ಮುದುಕಿಯ ಮುಷ್ಟಿಯೊಳಗೆ ಇಟ್ಟು ಬೆರಳು ಮಡಿಸಿದಳು.

ಮುದುಕಿಯನ್ನು ಜೀವಂತ ಹೊತ್ತು ತಂದದ್ದಕ್ಕೆ ಕಂಪನಿಯವರು ಅವಳಿಗೆ ಶಾಲು ಹೊದಿಸಿದರು. ಸೆಕೆಯಲ್ಲಿ ಆ ಶಾಲು ಹೊದ್ದುಕೊಂಡು ಕೂತು, ಜೀವದ ಹಂಗು ತೊರೆದು ಮುಂತಾದ ಮಾತು ಕೇಳಿದಳು. ಆಮೇಲೊಂದು ದಿನ, ಎರಡನೆಯ ಬೋರನ್ನೂ ಮುಚ್ಚಿದ ಮೇಲೆ, ಸಾಮಾನು ತರಲು ಕಮಲಾಪುರಕ್ಕೆ ಹೋದಾಗ ಓಣಿಯ ಬಾಗಿಲುಗಳನ್ನೆಲ್ಲ ತೊಳೆದು ಬಿಟ್ಟಿದ್ದರು. ಶಾರದಾಬಾಯಿಯ ಬಾಗಿಲಿನಲ್ಲಿ ಮಾತ್ರ ಗುರುತು ಹಾಗೇ ಇತ್ತು. ಫರೀದಾ ಹೇಳಿದಳು: "ಜಗದೇವಪ್ಪ ಅಳಸಬ್ಯಾಡ ಅಂದಾರ್ರಿ. ಮೇಡಂ ಬಂದು ಕರದಿದ್ರು ಅನ್ನೋದಕ್ಕ ಸಾಕ್ಷಿ ಅದು ಅಂತ. ಮುದುಕಿ ಅಷ್ಟು ಜಿದ್ದಿ ನೋಡ್ರಿ. ಕೂಗಿದ್ರೂ ಏಳಲಿಲ್ಲ." ಬೇರೆ ಬಾಗಿಲುಗಳ ಗುರುತು ಅವಳ ಕಣ್ಣಿನ ಎತ್ತರಕ್ಕೆ ಇದ್ದವು. ಇದು ಮೊಣಕಾಲಿನಷ್ಟು ಕೆಳಗೆ. ಕೆಳಗೆ ನಿಂತವರು ಮಾತ್ರ ಅಲ್ಲಿ ಎಳೆಯಬಹುದು. ಯಾರಾದರೂ ಒಮ್ಮೆ ಯೋಚಿಸಿ ನೋಡಿದ್ದರೆ ಸಾಕಿತ್ತು. ಫರೀದಾ ನೋಡುತ್ತಲೇ ಇದ್ದಳು. ಕಾವೇರಿ ಏನೂ ಹೇಳದೆ ಮೀಟರುಗಳನ್ನು ಜೀಪಿಗೆ ಹಾಕಿಸಿದಳು. ಅಂದಿನಿಂದ ಹಾಸಿಗೆ ಹಿಡಿದ ಮುದುಕಿಯ ಮೇಲೆ ಊರಿನ ಬೈಗುಳ, ಮಗನ ಬೈಗುಳ ಬೀಳುತ್ತಿತ್ತು. ಅದು ತನಗೆ ಬರಬೇಕಾದದ್ದು.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಶಾರದಾಬಾಯಿ ದಿಂಬಿಗೆ ಒರಗಿ ಕೂತಿದ್ದಳು, ಮೈ ಅರ್ಧ ಇಳಿದುಹೋಗಿತ್ತು. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ ದೊಡ್ಡದಾಗಿ ಕಾಣುತ್ತಿತ್ತು.

"ಬಾ ಯವ್ವಾ, ಬಾ. ಕುರ್ಚಿ ಬ್ಯಾಡ, ಇಲ್ಲೇ ಮಂಚದ ಮ್ಯಾಲ ಕುಂಡ್ರು. ಏನ ತಂದಿ?" ಚೀಲದೊಳಗೆ ಇಣುಕಿದಳು. "ಅಯ್ಯ, ನಮ್ಮೂರ ಹಣ್ಣು ನನಗೇ ತಂದೇನು? ಹೊಳಿಗಿ ನೀರು ಹೊತ್ತಂಗಾತಲ್ಲ!" ನಕ್ಕಳು. ಹಣ್ಣನ್ನು ಮೂಗಿಗೆ ಹಿಡಿದಳು, ಹಿಡಿದೇ ಇದ್ದಳು. "ಏನೂ ಇಲ್ಲ. ಮಲ್ಲಿಗಿ ಕೊಟ್ರೂ ಅಷ್ಟೇ, ಮಣ್ಣು ಕೊಟ್ರೂ ಅಷ್ಟೇ. ವಿಭೂತಿ ವಾಸನಿ ಸುದ್ದಾ ಇಲ್ಲ ನನಗ ಈಗ."

"ಇನ್ನರ ಬುದ್ಧಿ ಬರ್ಲಿ" ಎಂದ ಜಗದೇವಪ್ಪ ಕಿಟಕಿಯ ಹತ್ತಿರದಿಂದ. "ಮೇಡಂ ಬಂದು ಕೂಗಿದ್ರೂ ಏಳಲಿಲ್ಲ. ಊರಿಗೆಲ್ಲ ಒಂದು ದಾರಿ, ಈಕಿಗೊಂದು ದಾರಿ. ಕುಂಡ್ರಿ ಮೇಡಂ, ಚಹಾ ತರ್ತೀನಿ."

ಅವನ ಚಪ್ಪಲಿಯ ಸದ್ದು ದೂರ ಹೋಗುವವರೆಗೆ ಶಾರದಾಬಾಯಿ ಕಾದಳು. ಈಗ ಹೇಳಬೇಕು ಎಂದು ಕಾವೇರಿ ಬಾಯಿ ತೆರೆದಳು. ಆದರೆ ಮುದುಕಿ ಅವಳ ಕೈ ಹಿಡಿದಿದ್ದಳು. ಒಣಗಿದ, ಬಿಸಿಯಾದ ಕೈ.

"ಆತನ ಮುಂದ ಹೇಳಲಾರೆ. ನಿನ್ನ ಮುಂದ ಹೇಳದಿದ್ರ ಸಾಯಲಾರೆ. ಆ ದಿನ ನೀ ಬಂದಿದ್ದಿ. ಬಾಗಲಾ ಬಡದಿ. ನನಗ ಕೇಳಿಸ್ತು."

ಕಾವೇರಿಯ ಕೈಯನ್ನು ಮುದುಕಿ ಇನ್ನೂ ಬಿಗಿಯಾಗಿ ಹಿಡಿದಳು.

"ಒಂದು ಸಲ ಅಲ್ಲ, ಮೂರು ಸಲ ಬಡದಿ. ಅವ್ವಾರ ಅವ್ವಾರ ಅಂತ ಕರದಿ. ಲಿಂಗ ಕೈಯಾಗಿತ್ತು, ಹೆಂಗ ಏಳಲಿ ಅಂತ ಎಲ್ಲಾರಿಗೂ ಹೇಳೀನಿ. ಅದು ನೆಪಾ, ಯವ್ವಾ. ಪೂಜಿ ಬಿಟ್ಟು ಎಷ್ಟು ಸಲ ಎದ್ದಿಲ್ಲ ನಾ, ಹಾಲು ಉಕ್ಕಿದ್ರ ಏಳ್ತೀನಿ. ನಿನ್ನ ದನಿ ಅಂತ ಗೊತ್ತಾಗಿ ಸುಮ್ಮನ ಕುಂತೆ. ಹಿಂದಿನ ದಿನ ಆ ಕಾಗದದ ಕಪ್ಪು ಕೊಟ್ಟಿದ್ನಲ್ಲ. ನೀ ಅದನ್ನ ಹಿಚಿಗಿ ಚೀಲದಾಗ ಹಾಕ್ಕೊಂಡಿದ್ದು ನೋಡಿದ್ದೆ ನಾ. ನಿನ್ನ ಮಾರಿ ಹೆಂಗ ನೋಡ್ಲಿ ಅನಿಸ್ತು. ಆಮ್ಯಾಲ ಕೆಟ್ಟ ವಾಸನಿ ಬಂತು. ಆಮ್ಯಾಲ ಹೋತು. ಹೋತಲ್ಲ, ಇನ್ನೇನು ಅಂತ ಕುಂತೆ. ನೀ ಹೇಳಿದ್ದೆಲ್ಲಾ ಮರತೆ."

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಆ ಗಾಳಿ ಕುಡಿದವರ ನೆನಪು ಹರಿದುಹೋಗುತ್ತದೆ ಎಂದು ಕಾವೇರಿ ಓದಿದ್ದಳು. ಹರಿದ ಕಡೆ ಮನಸ್ಸು ತನ್ನದೇ ತೇಪೆ ಹಾಕಿಕೊಳ್ಳುತ್ತದೆ ಎಂದು ಯಾರೂ ಬರೆದಿರಲಿಲ್ಲ. ಈ ಮುದುಕಿ ತನ್ನ ಅಳುಕಿನಿಂದಲೇ ಒಂದು ಬಡಿತವನ್ನು, ಒಂದು ಕೂಗನ್ನು, ಬಾಗಿಲ ಮುಂದೆ ಬಿಡದೆ ನಿಂತ ಒಬ್ಬ ಹುಡುಗಿಯನ್ನು ಮಾಡಿಕೊಂಡಿದ್ದಾಳೆ. ಆ ಹುಡುಗಿ ಎಷ್ಟು ಒಳ್ಳೆಯವಳು! ಕಪ್ಪಿನ ಮಾತು ಮರೆತು ಮೂರು ಸಲ ಬಡಿದವಳು. ಸುಮ್ಮನಿದ್ದರೆ ಆ ಹುಡುಗಿ ತಾನೇ ಆಗಬಹುದು. ಇನ್ನು ಕೇಳುವವರು ಯಾರೂ ಇಲ್ಲ.

"ಅವ್ವಾರ," ಎಂದಳು. ಆಟೋದಲ್ಲಿ ಕಟ್ಟಿಕೊಂಡ ವಾಕ್ಯ ಅದರ ಪಾಡಿಗೆ ಹೊರಗೆ ಬಂತು. "ನಾ ಬಾಗಲಾ ಬಡೀಲಿಲ್ರಿ. ಮೆಟ್ಟಿಲಾನೇ ಹತ್ತಲಿಲ್ಲ. ಕೆಳಗೇ ನಿಂತು ಗುರುತು ಹಾಕಿ ಹೋದೆ."

ಶಾರದಾಬಾಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನಿಧಾನ ತಲೆ ಅಲ್ಲಾಡಿಸಿದಳು, ಹಟ ಮಾಡುವ ಮಗುವಿಗೆ ಅಲ್ಲಾಡಿಸುವ ಹಾಗೆ. "ಹೋಗ ಹುಚ್ಚಿ. ನನ್ನ ಹೊಟ್ಟಿ ತಣ್ಣಗಾಗಲಿ ಅಂತ ಹಂಗಂತಿ. ನನ್ನ ಕಿವಿ ಇನ್ನೂ ನೆಟ್ಟಗದಾವ."

"ಖರೇ ಹೇಳಾಕತ್ತೀನ್ರಿ. ಸಿಟ್ಟು ಬಂದಿತ್ತು ನನಗ. ನಿಮ್ಮ ಮ್ಯಾಲ."

"ಬರಬೇಕಲ್ಲ ಮತ್ತ? ಬಂದ್ರೂ ಕರೀಲಿಕ್ಕ ಬಂದಿ. ಅದಕ್ಕೇ ಅಲ್ಲೇನು ನನಗ ಇಷ್ಟು ನೋಯೋದು."

ಜಗದೇವಪ್ಪ ಮೂರು ಕಾಗದದ ಕಪ್ಪುಗಳನ್ನು ಬೆರಳುಗಳ ನಡುವೆ ಹಿಡಿದುಕೊಂಡು ಬಂದ. ಶಾರದಾಬಾಯಿ ಅವನ್ನು ನೋಡಿದ್ದೇ, "ಕಾಗದದ್ದು ಯಾಕ ತಂದ್ಯೋ? ಕಪ್ಪು ಬಸಿ ಸಿಗಲಿಲ್ಲೇನು ನಿನಗ?" ಎಂದು ದನಿ ಏರಿಸಿದಳು. "ದವಾಖಾನ್ಯಾಗ ಕಪ್ಪು ಬಸಿ ಯಾರು ಕೊಡ್ತಾರವ್ವಾ?" ಎಂದ ಅವನಿಗೆ ಏನೂ ಅರ್ಥವಾಗಲಿಲ್ಲ. ಕಾವೇರಿ ಒಂದು ಕಪ್ಪು ತೆಗೆದುಕೊಂಡು ಮುದುಕಿಯ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ತೆಗೆದುಕೊಂಡಳು. ಇಬ್ಬರೂ ಕುಡಿದರು. ಚಹಾ ಸಪ್ಪೆಯಾಗಿತ್ತು, ಮುದುಕಿಗೆ ಅದೂ ತಿಳಿಯುತ್ತಿರಲಿಲ್ಲ.

"ಜಗದೇವಪ್ಪನವರ," ಎಂದಳು ಕಾವೇರಿ ಏಳುತ್ತ, ಕಡೆಯ ಸಲಕ್ಕೆಂಬಂತೆ. "ಇವರನ್ನ ಬೈಬ್ಯಾಡ್ರಿ. ನಾ ನಿಮ್ಮ ಮನಿ ಬಾಗಲಾ ಬಡೀಲಿಲ್ಲ. ಬೇಕಾದ್ರ ಗುರುತು ನೋಡ್ರಿ, ಅದು ಎಷ್ಟು ಕೆಳಗದ."

ಅವನು ಅವ್ವನ ಮುಖ ನೋಡಿದ, ಅವಳ ಮುಖ ನೋಡಿದ. ಒದ್ದೆಯಾದ ಕಣ್ಣುಗಳಿಂದ ತನಗೆ ಬೇಕಾದ್ದನ್ನು ತಿಳಿದುಕೊಂಡ. "ಅವಸರದಾಗ ಹಾಕಿರ್ತೀರಿ ಬಿಡ್ರಿ. ಮುದುಕಿ ಸಲುವಾಗಿ ತಪ್ಪು ನಿಮ್ಮ ಮ್ಯಾಲ ತಗೊಳ್ಳಾಕತ್ತೀರಿ. ನಿಮ್ಮ ಮನಸ್ಸು ದೊಡ್ಡದು ಮೇಡಂ" ಎಂದು ಕೈಮುಗಿದ.

ಅವಳು ಹೊರಗೆ ಬಂದಳು. ಬಾಗಿಲಿನ ಮೇಲಿದ್ದ ಸ್ಪ್ರಿಂಗು ಅದನ್ನು ಅವಳ ಬೆನ್ನ ಹಿಂದೆ ತಾನಾಗಿಯೇ ಮುಚ್ಚಿತು. ಪಡಸಾಲೆಯಲ್ಲಿ ಫಿನಾಯಿಲಿನ ವಾಸನೆ. ಇದೆ, ಇನ್ನೂ ಬರುತ್ತಿದೆ. ಹೇಳಬೇಕಾದ್ದನ್ನು ಹೇಳಿದ್ದಾಯಿತು. ಹೇಳಿದ್ದು ಹಾಗೇ ತನ್ನ ಕೈಗೆ ವಾಪಸು ಬಂದಿತ್ತು, ಇಡಲು ಎಲ್ಲೂ ಜಾಗ ಇಲ್ಲದ ಹಾಗೆ. ಲಿಫ್ಟಿನ ಕಡೆಗೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಮುಚ್ಚಿದ ಆ ಬಾಗಿಲಿನ ಮುಂದೆ ನಿಂತಳು. ಬಲಗೈ ಎತ್ತಿದಳು. ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಳು. ಮತ್ತೊಮ್ಮೆ. ಮತ್ತೂ ಒಮ್ಮೆ, ಜೋರಾಗಿ.

ಒಳಗಿನಿಂದ ಶಾರದಾಬಾಯಿಯ ದನಿ ಕೇಳಿಸಿತು.

"ಯಾರ್ರೀ ಅದು? ಬಾಗಲಾ ಹಾಕಿಲ್ಲ, ನೂಕ್ರಿ."